ಅಡ್ಡದಾರಿ ಹಿಡಿದವರು

ಶಿಸ್ತಿನಿಂದ ಬದುಕುವವರ ಸುತ್ತಲೇ ನಗೆಪಾಟಲಿನ ಸಂಗತಿಗಳು ಯಾಕೆ ಸುಳಿದಾಡುತ್ತವೆಯೋ ನನಗೆ ತಿಳಿಯದು. ನಾನು ಹಾನಗಲ್ಲಿನ ಅಂಚಿನಲ್ಲಿರುವ ಒಂದು ಕಾಲೇಜಿನ ಹುಡುಗಿಯರ ಹಾಸ್ಟೆಲಿಗೆ ಮೇಟ್ರನ್. ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರುಗಳು ನಮಗೆ ನಡೆಯುವುದನ್ನೂ ಕಲಿಸಿದ್ದರು: ಬೆನ್ನು ನೆಟ್ಟಗೆ, ಚಪ್ಪಲಿಯ ಸಪ್ಪಳವಿಲ್ಲದೆ. ನಮ್ಮ ಹುಡುಗಿಯರೂ ಹಾಗೆ ನಡೆಯಲಿ ಎಂದು ಒಂದು ನಡಿಗೆದಾರಿ ಮಾಡಿಸಿದೆ. ಹಾಸ್ಟೆಲಿನ ಬಾಗಿಲಿನಿಂದ ಹೊರಟು, ಮುಖ್ಯ ಕಟ್ಟಡವನ್ನು ಬಳಸಿ, ದೊಡ್ಡ ಗೇಟನ್ನು ಮುಟ್ಟಿ, ಮತ್ತೆ ಹಾಸ್ಟೆಲಿಗೇ ಬರುವ ದಾರಿ. ಎರಡೂ ಬದಿ ಸುಣ್ಣ ಬಳಿದ ಕಲ್ಲು, ಚೆಂಡುಹೂವಿನ ಗಿಡ.

ಪ್ರಾಂಶುಪಾಲರು ಮಾತ್ರ ನಂಬಲಿಲ್ಲ. "ಒಂದು ತಿಂಗಳು ನೋಡೂಣ್ರಿ ಮೇಡಂ. ಯಾರೂ ಅಡ್ಡಾಡ್ಲಿಲ್ಲ ಅಂದ್ರ ಆ ಜಾಗಾ ಬೈಕ್ ನಿಲ್ಲಿಸಾಕ ಬಿಟ್ಟುಕೊಡ್ರಿ" ಎಂದರು.

ನನ್ನ ದಾರಿಯ ಮೇಲೆ ಬೈಕುಗಳು ನಿಲ್ಲುವುದು ನನ್ನಿಂದ ಸಹಿಸಲಾಗದ ಮಾತು.

ಎಲ್ಲಿಗೆ ಹೋಗುತ್ತದೆ?

ಮೊದಲು ಕರೆದದ್ದು ನಮ್ಮ ಅಡುಗೆಯವಳನ್ನು. ಮೈ ಭಾರ, ಮಂಡಿನೋವು. ನಡೆದರೆ ಅವಳಿಗೇ ಒಳ್ಳೆಯದು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ದಾರಿಯನ್ನು ಉದ್ದಕ್ಕೂ ನೋಡಿದಳು.

"ಇದು ಎಲ್ಲಿಗೆ ಹೋಗ್ತೈತ್ರಿ?"

"ಎಲ್ಲಿಗೂ ಇಲ್ಲ. ಸುತ್ತು ಹಾಕಿ ಇಲ್ಲಿಗೇ ಬರುತ್ತದೆ."

"ಇಲ್ಲಿಗೇ ಬರೂದಿದ್ರ, ಇಲ್ಲೇ ಕುಂತ್ರ ಆತಲ್ರಿ" ಎಂದು ಅವಳು ಕಟ್ಟೆಯ ಮೇಲೆ ಕುಳಿತಳು.

ಪ್ರದಕ್ಷಿಣೆ

ಮುಂದಿನ ವಾರ ಹಿರೇಕೆರೂರಿನ ಕಡೆಯಿಂದ ಒಬ್ಬ ಅಜ್ಜಿ ಮೊಮ್ಮಗಳನ್ನು ನೋಡಲು ಬಂದರು. ಸುಣ್ಣದ ಕಲ್ಲು ಕಂಡವರೇ ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ನನ್ನ ದಾರಿಯಲ್ಲಿ ನಡೆಯತೊಡಗಿದರು. ಆ ನಡಿಗೆ ಏನು, ಆ ಗಾಂಭೀರ್ಯ ಏನು! ಹುಡುಗಿಯರನ್ನು ಕರೆದು ತೋರಿಸಿದೆ.

ಮೂರು ಸುತ್ತು ಮುಗಿಸಿ ಅಜ್ಜಿ ನನ್ನ ಹತ್ತಿರ ಬಂದರು. "ಒಳಗ ಯಾವ ದೇವರದಾನ್ರಿ? ಬಾಗಲಾ ಹಾಕೇತಲ್ಲ."

"ದೇವರಲ್ಲ ಅಜ್ಜಿ, ಅಲ್ಲಿರುವುದು ಪ್ರಾಂಶುಪಾಲರು."

ಅಜ್ಜಿ ಸ್ವಲ್ಪ ಯೋಚಿಸಿ ಚೀಲದಿಂದ ತೆಂಗಿನಕಾಯಿ ತೆಗೆದರು. "ನನ್ನ ಮೊಮ್ಮಗಳನ್ನ ಪಾಸ್ ಮಾಡಾವರು ಅವರ ಅಲ್ಲೇನ್ರಿ? ಹಂಗಾರ ಕಾಯಿ ಅವರಿಗೇ ಕೊಡ್ತೇನಿ."

ಕಾಯಿ ಹಿಡಿದುಕೊಂಡೇ ಪ್ರಾಂಶುಪಾಲರು ನನ್ನ ಬಳಿ ಬಂದರು. "ನಡಿಯೋರು ಬೇಕಂದಿದ್ನಿರಿ ಮೇಡಂ, ಭಕ್ತರಲ್ಲ."

ಒಂದು ಫೋನ್

ತಿಂಗಳು ಮುಗಿಯುತ್ತ ಬಂತು. ಹುಡುಗಿಯರೆಲ್ಲ ಹಿತ್ತಲ ಬೇಲಿಯ ಕಿಂಡಿಯಲ್ಲಿ ನುಸುಳಿ, ಪಕ್ಕದ ಗದ್ದೆಯ ಬದುವಿನ ಮೇಲೆ ಬಸ್ ಸ್ಟಾಪಿಗೆ ಓಡುತ್ತಿದ್ದರು. ಇವರಿಗೆಲ್ಲ ಮುಂದಾಳು ಸವಣೂರಿನ ಒಬ್ಬ ಹುಡುಗಿ. ಎಷ್ಟು ಹೇಳಿದರೂ ಕೇಳದಿದ್ದಾಗ ಅವಳ ತಂದೆಗೆ ಫೋನ್ ಮಾಡಿದೆ. ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುವ ಮರ್ಯಾದಸ್ಥರು ಅವರು. ಕಾನ್ವೆಂಟಿನವರಿಗೆ ಕನ್ನಡ ಬಾರದು ಎಂಬ ಮಾತು ಬರಬಾರದೆಂದು ನಾನು ಕಲಬೆರಕೆಯಿಲ್ಲದ ಕನ್ನಡವನ್ನೇ ಆಡುತ್ತೇನೆ.

"ನಿಮ್ಮ ಮಗಳು ಅಡ್ಡದಾರಿ ಹಿಡಿದಿದ್ದಾಳೆ" ಎಂದೆ.

ಆ ಕಡೆಯಿಂದ ಸಣ್ಣ ದನಿಯಲ್ಲಿ, "ಯಾವಾಗಿಂದ್ರಿ?"

"ಕಾಲೇಜು ಶುರುವಾದಾಗಿನಿಂದ."

"ಜೋಡಿ ಯಾರರ ಅದಾರೇನ್ರಿ?"

"ಏಳೆಂಟು ಜನ ಇದ್ದಾರೆ."

"ಏಳೆಂಟು ಮಂದೀನ್ರಿ?"

"ಹೌದು. ಹಾಡುಹಗಲಲ್ಲೇ, ಗದ್ದೆಯ ಬದುವಿನಲ್ಲಿ."

ಫೋನ್ ಕಡಿದುಹೋಯಿತು. ತಂದೆಯೆಂದರೆ ಹೀಗಿರಬೇಕು, ವಿಷಯವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರು ಎಂದು ನನಗೆ ಸಂತೋಷವಾಯಿತು.

ಕನ್ನಡದಾಗ ಏನಂತಾರ?

ಮಧ್ಯಾಹ್ನದೊಳಗೆ ಬಾಡಿಗೆ ಟೆಂಪೊ ಹಾಸ್ಟೆಲಿನ ಮುಂದೆ ನಿಂತಿತು. ತಂದೆ, ಕಣ್ಣೊರೆಸಿಕೊಳ್ಳುವ ತಾಯಿ, ಮೀಸೆಯ ಸೋದರಮಾವ.

"ಟ್ರಂಕ್ ಕಟ್ಟವಾ. ಕಲ್ತಿದ್ದು ಸಾಕು" ಎಂದರು ತಂದೆ.

"ನಾ ಏನ್ ಮಾಡೇನಪ್ಪಾ?" ಎಂದು ಹುಡುಗಿ ಅಳತೊಡಗಿದಳು.

"ಮೇಡಮ್ಮಾರು ಎಲ್ಲಾ ಹೇಳ್ಯಾರ. ಅಡ್ಡದಾರಿ ಹಿಡದೀಯಂತ."

ಆಗ ನನಗೆ ಹೊಳೆಯಿತು. ನಾನು ಎಷ್ಟು ವಿವರಿಸಿದರೂ ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಟ್ರಂಕು ಆಗಲೇ ಹೊಸ್ತಿಲು ದಾಟಿತ್ತು. ಬಾಯಿಮಾತು ಸಾಲದೆಂದು, "ಬನ್ನಿ, ಕಣ್ಣಾರೆ ನೋಡಿ" ಎಂದು ಅವರನ್ನು ಹಿತ್ತಲಿಗೆ ಕರೆದೊಯ್ದೆ. ಬೇಲಿಯ ಕಿಂಡಿಯಲ್ಲಿ ನಾನೇ ಮೊದಲು ನುಸುಳಿದೆ. ಗಂಜಿ ಹಾಕಿದ ನನ್ನ ಸೀರೆ ಮುಳ್ಳಿಗೆ ಸಿಕ್ಕಿತು, ಸೋದರಮಾವ ಬಿಡಿಸಿದರು. ಬದುವಿನ ಮೇಲೆ ಸಾಲಾಗಿ ನಡೆದೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಬಸ್ ಸ್ಟಾಪು.

ತಂದೆ ಹಿಂದೆ ನೋಡಿದರು, ಮುಂದೆ ನೋಡಿದರು. "ಇದ ಏನ್ರಿ ಅಡ್ಡದಾರಿ?"

"ಇದೇ."

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. "ಇದಕ್ಕ ಕನ್ನಡದಾಗ ಶಾರ್ಟ್‌ಕಟ್ ಅಂತಾರ್ರಿ ಮೇಡಂ."

ಟ್ರಂಕು ಒಳಗೆ ಹೋಯಿತು. ಟೆಂಪೊ ಸವಣೂರಿಗೆ ಹೊರಟಿತು. ಅವರನ್ನು ಕಳಿಸಿ ದೊಡ್ಡ ಗೇಟಿನಿಂದ ಹಿಂದಿರುಗಿದರೆ, ನನ್ನ ನಡಿಗೆದಾರಿಯ ತುಂಬ ಹುಡುಗಿಯರು. ಇಡೀ ಹಾಸ್ಟೆಲು ಅಲ್ಲಿ ನಡೆಯುತ್ತಿತ್ತು. ಕಿಟಕಿಯಲ್ಲಿ ಪ್ರಾಂಶುಪಾಲರು.

"ಬೈಕಿಗೆ ಬ್ಯಾರೆ ಜಾಗಾ ನೋಡ್ತೇನಿ ಬಿಡ್ರಿ" ಎಂದರು. "ಇವರನ್ನೆಲ್ಲ ಹೆಂಗ ದಾರಿಗೆ ತಂದ್ರಿ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ಸವಣೂರಿನ ಹುಡುಗಿ ಹೇಳಿದಳು:

"ಮೇಡಮ್ಮಾರು ಅಡ್ಡದಾರಿ ಹಿಡದಿದ್ರು ಸರ್. ಕಣ್ಣಿಗೆ ಬೀಳೂದು ಬ್ಯಾಡಂತ ನಾವು ಇತ್ತಾಗ ಬಂದ್ವಿ."