ಹುಲಿಯ ಪಟ್ಟಿಗೆ ಸೇರಿದ ನಮ್ಮ ಕೆರೆಯ ಆಮೆಗೆ

ಶಲವಡಿ ಬದಿಯ ನಮ್ಮೂರು,
೧೨ ಮೇ ೧೯೮೬

ಕುಡಿಯುವ ನೀರಿನ ಕೆರೆಯ ಮೂಲೆಯಲ್ಲಿ ಕಾಯಂ ವಾಸವಾಗಿರುವ ಮಾನ್ಯ ಆಮೆಯವರಿಗೆ ಊರಿನ ಸಮಸ್ತರ ಪರವಾಗಿ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆವು, ಯಾಕೆಂದರೆ ಐದು ವಾರಗಳಿಂದ ಇಡೀ ಊರು ದಂಡೆಯಲ್ಲಿ ಕೂತು ತಮ್ಮ ಕ್ಷೇಮವನ್ನೇ ನೋಡುತ್ತಿದೆ.

ಮಾನ್ಯರೇ, ನಮ್ಮ ಎರೆಭೂಮಿಯಲ್ಲಿ ಬಾವಿ ತೋಡಿದರೆ ಉಪ್ಪುನೀರು ಬರುತ್ತದೆಂಬುದು ತಮಗೆ ತಿಳಿದ ವಿಷಯ. ಕುಡಿಯಲು ಇರುವುದು ಈ ಕೆರೆಯೊಂದೇ. ಅದಕ್ಕೆಂದೇ ಚಪ್ಪಲಿ ಮೆಟ್ಟಿ ಯಾರೂ ಇದಕ್ಕೆ ಇಳಿಯುವುದಿಲ್ಲ. ಅದಕ್ಕೆಂದೇ ಹನ್ನೊಂದು ವರ್ಷದ ಹಿಂದೆ ನಮ್ಮೂರ ಸೊಸೆ ಮಹಾದೇವಕ್ಕನವರು, ಆಮೆ ಇದ್ದರೆ ನೀರು ಸ್ವಚ್ಛವಾಗಿರುತ್ತದೆಂದು ನಂಬಿ, ತಮ್ಮನ್ನು ತವರೂರು ತಂಬೂರಿನಿಂದ ಹಿತ್ತಾಳೆ ಕೊಡದಲ್ಲಿ ಕೂಡಿಸಿಕೊಂಡು ಬಸ್ಸಿನಲ್ಲಿ ತಂದು ಬಿಟ್ಟರು.

ಈ ವರ್ಷ ಕೆರೆಯಲ್ಲಿ ಹೂಳು ಎದೆಮಟ್ಟ ಏರಿದೆ. ಮುಂಗಾರಿಗೆ ಮೊದಲು ತೆಗೆಯದಿದ್ದರೆ ತುಂಬಿದ ನೀರು ಸಂಕ್ರಾಂತಿಗೇ ಮುಗಿದು ನಾವು ಉಪ್ಪುನೀರು ಕುಡಿಯಬೇಕು. ಆದ್ದರಿಂದ ಚಕ್ಕಡಿ ಹೊಡೆಯುವ ನಿಜಾಮಸಾಬರು ಹೂಳು ಹೊರಲು ನಲವತ್ತು ಚಕ್ಕಡಿ ಗೊತ್ತುಮಾಡಿದರು. ಕೆರೆ ಬತ್ತಿ ಮೂಲೆಯಲ್ಲಿ ಉಳಿದ ಮಡುವಿನಿಂದ ತಮ್ಮನ್ನು ಬುಟ್ಟಿಯಲ್ಲಿ ಎತ್ತಿ, ಇನ್ನೂರು ಹೆಜ್ಜೆ ದೂರದ ದನದ ಹೊಂಡದಲ್ಲಿ ಬಿಡುವುದಷ್ಟೇ ಬಾಕಿ. ಅಷ್ಟರಲ್ಲಿ, ತಾವು ಹುಲಿಯೊಂದಿಗೆ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದ್ದೀರೆಂದು ಪತ್ರಿಕೆಯಲ್ಲಿ ಓದಿದ ನಾನು, ಎತ್ತಿಡಲು ಅಪ್ಪಣೆ ಕೋರಿ ಅರಣ್ಯ ಇಲಾಖೆಗೆ ಮೂರು ಪ್ರತಿಗಳಲ್ಲಿ ಅರ್ಜಿ ಬರೆದೆ. ಯಾರೂ ಕೇಳದಿದ್ದ ಪ್ರಶ್ನೆಯನ್ನು ನಾನು ಕೇಳಿದ ದಿನವೇ ಕೆಲಸ ನಿಂತಿತು.

ಇಲಾಖೆಯಿಂದ ಒಬ್ಬ ಸಾಹೇಬರು ಅಚ್ಚಾದ ಹಾಳೆಯೊಂದನ್ನು ಹಿಡಿದು ಬಂದರು. ಮೆತ್ತನೆ ಚಿಪ್ಪಿನ ಆಮೆಗಳಲ್ಲಿ ನಮ್ಮ ಕಡೆ ಎರಡು ಬಗೆಯಂತೆ. ಒಂದು ಮೊದಲನೇ ಪಟ್ಟಿಯದು, ಇನ್ನೊಂದು ನಾಲ್ಕನೆಯದು. ನಾಲ್ಕನೆಯದಾದರೆ ಕಾಗದ ಧಾರವಾಡದಲ್ಲೇ ಮುಗಿಯುತ್ತದೆ, ಮೊದಲನೆಯದಾದರೆ ಬೆಂಗಳೂರಿಗೆ ಹೋಗಬೇಕು. ಹಿಂಗಾಲನ್ನು ಮುಚ್ಚುವ ಪದರ ಹೊಟ್ಟೆಯ ಕೆಳಗೆ ಇದ್ದರೆ ಮೊದಲನೆಯದು. ಅದನ್ನು ನೋಡಲು ತಮ್ಮನ್ನು ಎತ್ತಬೇಕು, ಎತ್ತಲು ಅಪ್ಪಣೆ ಬೇಕು, ಅಪ್ಪಣೆ ಎಲ್ಲಿಂದ ಎಂದು ತಿಳಿಯಲು ಪದರ ನೋಡಬೇಕು. ಸಾಹೇಬರು ಎರಡು ತಾಸು ದಂಡೆಯಲ್ಲಿ ಯೋಚಿಸಿದರು.

ಕೊನೆಗೆ ಮಹಾದೇವಕ್ಕನವರು, "ನಾನ ತಂದಾಕಿ, ನಾನ ತೋರಸ್ತೀನಿ ತಗೋರಿ" ಎಂದು ಮಡುವಿಗೆ ಇಳಿದು ತಮ್ಮನ್ನು ಎತ್ತಿಯೇ ಬಿಟ್ಟರು. "ಹಿಂದಿನ ಎರಡೂ ಬಾಗಲಾ ಹಾಕ್ಕೊಂಡಾಳ ನೋಡ್ರಿ, ಮಾನಸ್ಥಿ!" ಎಂದು ಅಭಿಮಾನದಿಂದ ಸಾರಿದರು. ಸಾಹೇಬರು ಹಾಳೆಯಲ್ಲಿ ಗುರುತು ಹಾಕಿಕೊಂಡು ತಮ್ಮನ್ನು ಮತ್ತೆ ಮಡುವಿಗೇ ಬಿಡಿಸಿದರು, ಕಡತ ಬೆಂಗಳೂರಿಗೆ ಹೋಯಿತು. ಹೀಗೆ, ಅಡಗಿಕೊಳ್ಳಲು ತಾವು ಮಾಡಿದ ಪ್ರಯತ್ನವೇ ತಮ್ಮ ಗುರುತನ್ನು ಸರಕಾರಕ್ಕೆ ಹೇಳಿತು.

ತಮ್ಮ ಪದವಿಯ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ. ತಮ್ಮ ಬಂಧುಗಳನ್ನು ಗೋಣಿಚೀಲಗಳಲ್ಲಿ ತುಂಬಿ ದೂರದ ಪೇಟೆಗಳಿಗೆ ಮಾಂಸಕ್ಕಾಗಿ ಸಾಗಿಸುತ್ತಾರೆಂದೂ ಓದಿದ್ದೇನೆ, ಕಾಯ್ದೆ ಬೇಕೇ ಬೇಕು. ವಿದ್ವಾಂಸರು ತಮ್ಮ ಲ್ಯಾಟಿನ್ ಹೆಸರಿನ ಬಾಲವನ್ನು, ಅಂದರೆ ಕೊನೆಯ ಪದವನ್ನು, ಒಮ್ಮೆ ಉತ್ತರದ ಆಮೆಗಳಿಗೆ, ಒಮ್ಮೆ ದಕ್ಷಿಣದವಕ್ಕೆ ಕೊಟ್ಟು ಚರ್ಚಿಸುತ್ತಿದ್ದರೂ ತಾವು ಮಡುವಿನಲ್ಲಿ ನಿಶ್ಚಿಂತರಾಗಿರುವುದು ಶ್ಲಾಘನೀಯ. ಆದರೆ ಮಹಾದೇವಕ್ಕನವರು ಕೇಳುತ್ತಾರೆ: "ಹುಲಿ ಸಾಲಿನ್ಯಾಗ ಕುಂದ್ರಿಸ್ಯಾರಂತ. ಹುಲಿ ಬಂದು ನಮ್ಮ ಕೆರಿ ಸ್ವಚ್ಛ ಮಾಡ್ತೈತೇನು?" ನಿಜಾಮಸಾಬರದು ಬೇರೆ ಮಾತು: "ಮಾಸ್ತರ, ದಿನಾ ಚಕ್ಕಡಿ ಹೂಡಿ ಬಿಚ್ಚಿದ್ರ ಎತ್ತುಗೋಳು ನನ್ನ ಏನಂತ ತಿಳಕೋಬೇಕ್ರಿ? ನಿಮ್ಮ ಪೆನ್ನು ಸುಮ್ನ ಇರಬಾರದಿತ್ತ?"

ಆದಕಾರಣ ತಮ್ಮಲ್ಲಿ ಸವಿನಯ ಬೇಡಿಕೆಗಳು: ಕೆಲಸ ಮುಗಿಯುವವರೆಗೆ ಎಂಟು ದಿನ ತಾವು ನಾಲ್ಕನೇ ಪಟ್ಟಿಗೆ ಇಳಿದು ಬರಬೇಕು. ಅದು ಮರ್ಯಾದೆಗೆ ಕುಂದೆನಿಸಿದರೆ ಬೆಂಗಳೂರಿಗೆ ಹೋಗಿ ಕಡತದ ಮುಂದೆ ಖುದ್ದಾಗಿ ಹಾಜರಾಗಬೇಕು. ಎರಡೂ ಆಗದಿದ್ದರೆ ದಯವಿಟ್ಟು ನಡೆದು ಬನ್ನಿ. ಆಮೆಯನ್ನು ಹಿಡಿಯಬಾರದೆಂದು ಕಾಯ್ದೆಯಲ್ಲಿದೆ. ಆಮೆ ನಡೆಯಬಾರದೆಂದು ಎಲ್ಲಿಯೂ ಇಲ್ಲ, ಎರಡು ಸಲ ಓದಿದ್ದೇನೆ.

ತಾವಿರುವ ನೀರನ್ನೇ ಕುಡಿಯುವ,
ತಮ್ಮ ವಿಶ್ವಾಸಿ,
ಈರಬಸಪ್ಪ, ಪೋಸ್ಟ್ ಮಾಸ್ತರ

ತಾ.ಕ., ೨೭ ಮೇ: ಮೊನ್ನೆ ಸಂಜೆ ಅಡ್ಡಮಳೆಯ ನಾಲ್ಕು ಹನಿ ಬಿದ್ದೊಡನೆ ತಾವು ಮಡುವಿನಿಂದೆದ್ದು, ಊರೆಲ್ಲ ಕೈಕಟ್ಟಿ ಹಿಂದೆ ನಡೆಯುತ್ತಿರಲು, ಇನ್ನೂರು ಹೆಜ್ಜೆಯನ್ನು ಒಂದೂವರೆ ತಾಸಿನಲ್ಲಿ ನಡೆದು ದನದ ಹೊಂಡ ಸೇರಿದ್ದಕ್ಕೆ ಕೃತಜ್ಞತೆಗಳು. ಕಾಲುಗಳಿದ್ದೂ ಏಳು ವಾರ ಸುಮ್ಮನಿದ್ದದ್ದೇಕೆಂದು ಕೇಳುವುದಿಲ್ಲ. ನಿನ್ನೆಯಿಂದ ನಲವತ್ತೂ ಚಕ್ಕಡಿ ಹೂಳು ಹೊರುತ್ತಿವೆ. ದಾರಿಯಲ್ಲಿ ತಾವು ಏರಿಯ ಪಕ್ಕ ಮಣ್ಣು ಕೆದರಿ ಎಂಟು ಮೊಟ್ಟೆ ಇಟ್ಟಿದ್ದೀರಿ, ಮಹಾದೇವಕ್ಕನವರು ಸುತ್ತ ಜಾಲಿಮುಳ್ಳು ಹಚ್ಚಿದ್ದಾರೆ. ಈ ವಿಷಯವನ್ನೂ ಕಚೇರಿಗೆ ತಿಳಿಸೋಣವೆಂದು ನಾನು ಕೂತಾಗ, ನಿಜಾಮಸಾಬರು "ಒಂದೀಟು ಕೊಡ್ರಿಲ್ಲೆ" ಎಂದು ಪೆನ್ನು ಇಸಕೊಂಡರು. ಇನ್ನೂ ಮರಳಿ ಕೊಟ್ಟಿಲ್ಲ. ಆದ್ದರಿಂದ ಈ ಸಾಲುಗಳು ಪೆನ್ಸಿಲ್ಲಿನಲ್ಲಿವೆ, ಮನ್ನಿಸಬೇಕು.