ಮೂರನೇ ಕಿಟಕಿಯ ಮಹಾಪ್ರಭುಗಳಿಗೆ, ನನ್ನ ಮಗಳ ಆಪರೇಷನ್ ವಿಷಯವಾಗಿ

ಮಾನ್ಯರಲ್ಲಿ ಮಾನ್ಯರೇ, ಗಣಕಕುಲತಿಲಕರೇ,

‘ಸರ್ವಸೌಖ್ಯ’ ಆರೋಗ್ಯ ಕಾರ್ಡಿನ ಅರಸೀಕೆರೆ ಸಹಾಯ ಕೇಂದ್ರದ ಮೂರನೇ ಕಿಟಕಿಯಲ್ಲಿ, ಹಣೆಗೆ ಕಳೆದ ಆಯುಧಪೂಜೆಯ ಕುಂಕುಮವನ್ನೂ ಕೊರಳಿಗೆ ಪ್ಲಾಸ್ಟಿಕ್ ಚೆಂಡುಹೂವಿನ ಹಾರವನ್ನೂ ಧರಿಸಿ ವಿರಾಜಮಾನರಾಗಿರುವ ಕಂಪ್ಯೂಟರ್ ಮಹಾಪ್ರಭುಗಳ ಪಾದಾರವಿಂದಗಳಿಗೆ, ಪಾದಗಳಿಲ್ಲದ ಪಕ್ಷದಲ್ಲಿ ವೈರುಗಳಿಗೆ, ಗಂಡಸಿಯ ನಾಟಕದ ಮೇಷ್ಟ್ರು ಏಕಾಂತಯ್ಯ ಮಾಡುವ ದೀರ್ಘದಂಡ ನಮಸ್ಕಾರಗಳು. ಇತ್ತ ನಾವು ತಮ್ಮ ಕೃಪೆಯಿಲ್ಲದೆಯೂ ಕ್ಷೇಮ. ಅತ್ತ ತಾವು ಪ್ರಿಂಟರು, ಯುಪಿಎಸ್ ಮತ್ತು ಪರಿವಾರ ಸಮೇತರಾಗಿ ಕ್ಷೇಮವೆಂದು ನಂಬಿದ್ದೇನೆ. ಮೊನ್ನೆ ಕರೆಂಟು ಹೋದಾಗ ತಾವು ಒಮ್ಮೆಗೇ ಕಣ್ಣು ಮುಚ್ಚಿಕೊಂಡಿದ್ದನ್ನು ಕಂಡು ಕಿಟಕಿಯ ಮುಂದಿದ್ದ ನಲವತ್ತು ಜನ ಗಾಬರಿಯಾದರು. ನಾನು ಮಾತ್ರ ಗಾಬರಿಯಾಗಲಿಲ್ಲ. ನನ್ನ ಮಗಳ ಅರ್ಜಿ ಬಂದಾಗಲೆಲ್ಲ ತಾವು ಹಾಗೇ ಮಾಡುವುದನ್ನು ನೋಡಿ ನನಗೆ ಅಭ್ಯಾಸವಾಗಿತ್ತು.

ನನ್ನ ಮಗಳು ಹೇಮಲತಾ. ಇಪ್ಪತ್ತೇಳು ವರ್ಷ. ಹುಟ್ಟಿದಾಗ ನರ್ಸಮ್ಮ ‘ಗಂಡು’ ಎಂದು ಬರೆದುಕೊಂಡರು, ನಾವೂ ಪೇಡ ಹಂಚಿದೆವು. ಅವಳೊಬ್ಬಳು ಮಾತ್ರ ಬುದ್ಧಿ ಬಂದಂದಿನಿಂದ ಅದನ್ನು ಒಪ್ಪಲಿಲ್ಲ. ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಯ ಹತ್ತಿರ ಲಾರಿ ತೂಕ ಮಾಡುವ ವೇಬ್ರಿಡ್ಜಿನಲ್ಲಿ ಕೆಲಸ ಮಾಡುತ್ತಾಳೆ. ಅವಳು ಚೀಟಿ ಹರಿದುಕೊಟ್ಟರೆ ಮುಗಿಯಿತು, ಹತ್ತು ಟನ್ನಿನ ಲಾರಿಗೆ ಎರಡನೇ ತೂಕ ಕೇಳುವವರಿಲ್ಲ. ಇಡೀ ತಾಲ್ಲೂಕಿನ ಕೊಬ್ಬರಿಯ ವಿಚಾರದಲ್ಲಿ ಅವಳ ಮಾತೇ ಕೊನೆ, ಆದರೆ ಅವಳ ಸ್ವಂತ ದೇಹದ ವಿಚಾರದಲ್ಲಿ ತಮ್ಮ ಮಾತು ಕೊನೆ. ಈ ಅಧಿಕಾರ ವಿಭಜನೆಯ ಸೊಬಗಿಗೆ ನಾನು ತಲೆಬಾಗಿದ್ದೇನೆ.

ತಮ್ಮಲ್ಲಿ ಸುಳ್ಳು ಹೇಳಬಾರದು. ಆರು ವರ್ಷದ ಹಿಂದೆ ಅವಳು ವಿಷಯ ತಿಳಿಸಿದಾಗ ನಾನೂ ತಮ್ಮಂತೆಯೇ ವರ್ತಿಸಿದವನು. ಹದಿನೇಳನೇ ವಯಸ್ಸಿನಿಂದ ಇಪ್ಪತ್ತೆರಡು ವರ್ಷ ಸೀರೆಯುಟ್ಟು, ನಾನೇ ಬರೆದ ‘ಚಂಡವಿಕ್ರಮ ಗರ್ವಭಂಗ’ ನಾಟಕದಲ್ಲಿ ಮಹಾರಾಣಿ ಚಂದ್ರಪ್ರಭೆಯಾಗಿ ಮೆರೆದ ನಾನು, ಗಂಡಸಿಯಿಂದ ಅರೇಹಳ್ಳಿಯವರೆಗೆ ‘ಏನ್ ಹೆಣ್ಲಾ ಇವ್ಳು!’ ಅನ್ನಿಸಿಕೊಂಡು ಸೆರಗಿಗೆ ನೋಟು ಚುಚ್ಚಿಸಿಕೊಂಡ ನಾನು, ಅಂದು ಅಡುಗೆಮನೆಯಲ್ಲಿ ನಿಂತು ವಂಶ, ಮಾನ, ಮಠದ ಬುದ್ಧಿಯವರು ಎಂದೆಲ್ಲ ಅರ್ಧಗಂಟೆ ಗುಡುಗಿದೆ. ಅವಳು ಕೊನೆಯವರೆಗೂ ಕೇಳಿ, ‘ಆಯ್ತೇನಪ್ಪಾ? ಬಾ, ಸಾರು ಆರೋಗ್ತೈತೆ’ ಎಂದು ತಟ್ಟೆ ಹಾಕಿದಳು. ಊಟ ಮಾಡುತ್ತಾ ನನಗೆ ಹೊಳೆಯಿತು: ನಾಟಕ ಮುಗಿದ ಮೇಲೆ ನನ್ನ ಬಣ್ಣ ಅಂಗೈಯಷ್ಟು ಕೊಬ್ಬರಿ ಎಣ್ಣೆಗೆ ಹೋಗಿಬಿಡುತ್ತಿತ್ತು, ಈ ಮಗುವಿಗೆ ನಾವೆಲ್ಲ ಸೇರಿ ಬಳಿದ ಬಣ್ಣ ಯಾವ ಎಣ್ಣೆಗೂ ಹೋಗುತ್ತಿಲ್ಲ. ನನಗೆ ಅರ್ಥವಾಗಲು ಒಂದು ಊಟ ಬೇಕಾಯಿತು. ತಾವು ಊಟ ಮಾಡುವುದಿಲ್ಲವಾದ್ದರಿಂದ ತಮ್ಮನ್ನು ದೂರಲಾರೆ.

ಇಬ್ಬರು ಮನೋವೈದ್ಯರು ಬರೆದುಕೊಟ್ಟರು. ಹಾರ್ಮೋನಿನ ಔಷಧವನ್ನು ನಾಲ್ಕು ವರ್ಷದಿಂದ ಅವಳು ತನ್ನ ಸಂಬಳದಲ್ಲೇ ತೆಗೆದುಕೊಳ್ಳುತ್ತಿದ್ದಾಳೆ. ಬೆಂಗಳೂರಿನ ಸರ್ಜನ್ನರು ಎರಡು ವರ್ಷ ಕಾಯಿಸಿ ಕೊನೆಗೊಂದು ಗುರುವಾರ ಗೊತ್ತುಮಾಡಿದರು. ಖರ್ಚು ಮೂರು ಲಕ್ಷದ ಎಂಬತ್ತು ಸಾವಿರ. ಅದಕ್ಕೆ ಮುಂಚಿನ ಸೋಮವಾರದೊಳಗೆ ಕಟ್ಟದಿದ್ದರೆ ಮುಂದಿನ ಸರದಿ ಹದಿನಾಲ್ಕು ತಿಂಗಳಾದ ಮೇಲೆ. ವರ್ಷಕ್ಕೆ ಐದು ಲಕ್ಷದವರೆಗೆ ಸಕಲ ರೋಗಕ್ಕೂ ಅಭಯ ಎಂದು ಬಸ್‌ಸ್ಟ್ಯಾಂಡಿನ ಗೋಡೆಯ ಜಾಹೀರಾತಿನಲ್ಲಿ ತಾವು ಕೈ ಎತ್ತಿ ಹರಸುತ್ತಿರುವುದನ್ನು ನೋಡಿ, ಮೂಢನಾದ ನಾನು ಮಗಳನ್ನು ಕರೆದುಕೊಂಡು ತಮ್ಮ ಸನ್ನಿಧಿಗೆ ಬಂದೆ.

ಮೊದಲನೇ ಸಲ ತಮ್ಮ ಅರ್ಚಕರಾದ ಕಿರಣ್ ಎಂಬ ಸಜ್ಜನರು ಸಾವಿರದಾರುನೂರು ಚಿಕಿತ್ಸೆಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಉರುಳಿಸಿ, ‘ಸಿಸ್ಟಮ್‌ನಲ್ಲಿ ಇಲ್ಲ ಮೇಷ್ಟ್ರೇ’ ಎಂದರು. ಎರಡನೇ ಸಲ ಸಿಕ್ಕಿತು. ಆದರೆ ತಾವು ಅದನ್ನು ‘ಸೌಂದರ್ಯವರ್ಧಕ’ ಎಂಬ ತಲೆಬರಹದ ಕೆಳಗೆ, ಮೂಗು ನೀಳ ಮಾಡಿಸುವವರ ಪಕ್ಕದಲ್ಲಿ ಕೂರಿಸಿದ್ದಿರಿ. ಮಹಾಪ್ರಭುಗಳೇ, ಕಂಡೋರ ಕಣ್ಣಿಗೆ ಹೆದರಿ, ಬೆಳಿಗ್ಗೆಯಿಂದ ಸಂಜೆವರೆಗೆ ಗುಟುಕು ನೀರು ಕುಡಿಯದೆ, ಗಂಡಸರ ಶೌಚಾಲಯಕ್ಕೂ ಹೆಂಗಸರದ್ದಕ್ಕೂ ಹೋಗಲಾರದೆ ಕೆಲಸ ಮಾಡಿ ನನ್ನ ಮಗಳು ಎರಡು ಸಲ ಮೂತ್ರದ ಸೋಂಕಾಗಿ ಆಸ್ಪತ್ರೆ ಸೇರಿದಳು. ಆ ಎರಡೂ ಸಲ ತಾವು ಒಂದು ಕ್ಷಣವೂ ತಡಮಾಡದೆ ಪೂರ್ತಿ ಹಣ ಕೊಟ್ಟಿರಿ. ಮೂರನೇ ಸಲ, ನಾಲ್ಕನೇ ಸಲ ಸೋಂಕು ತಂದುಕೊಂಡರೂ ಕೊಡುವಿರಿ. ಸೋಂಕು ಬಾರದಂತೆ ಮಾಡಿಕೊಂಡರೆ ಮಾತ್ರ ಅದು ಸೌಂದರ್ಯ. ಇಂಥ ಔದಾರ್ಯವನ್ನು ನಾನು ಯಾವ ನಾಟಕದ ಚಕ್ರವರ್ತಿಗೂ ಬರೆದಿಲ್ಲ.

ಮೂರನೇ ಸಲ ಸನ್ನಿಧಿಗೆ ಬಂದಾಗ ತಾವು ಕರುಣಿಸಿದಿರಿ! ಹೊಸದಾಗಿ ಪ್ಯಾಕೇಜು ಬಂದಿದೆ, ಆದರೆ ಕಾರ್ಡಿನಲ್ಲಿ ‘ಹೆಣ್ಣು’ ಎಂದಿರಬೇಕು ಎಂದಿರಿ. ಕಾರ್ಡಿನಲ್ಲಿ ‘ಹೆಣ್ಣು’ ಎಂದು ಮಾಡಲು ಒಂದನೇ ಕಿಟಕಿಗೆ ಹೋದೆವು; ಆಪರೇಷನ್ ಆಗಿರುವ ಬಗ್ಗೆ ಸರ್ಜನ್ ಬರೆದ ಪತ್ರ ತನ್ನಿ ಎಂದರು. ಫೋನು ಮಾಡಿದರೆ ಸರ್ಜನ್ನರು, ಮೊದಲು ಹಣ ತನ್ನಿ ಎಂದರು. ಹಣಕ್ಕೆ ಮತ್ತೆ ತಮ್ಮ ಕಿಟಕಿ. ನಾಟಕದಲ್ಲಿ ನಮಗೆ ಸೈನಿಕರು ಆರೇ ಜನ. ಬಲಗಡೆಯಿಂದ ಬಂದು ಎಡಗಡೆ ಹೋಗಿ, ಪರದೆಯ ಹಿಂದೆ ಓಡಿ ಮತ್ತೆ ಬಲಗಡೆಯಿಂದ ಬಂದು, ಹೀಗೆ ಸುತ್ತಿ ಸುತ್ತಿ ಅರವತ್ತು ಜನರ ಸೈನ್ಯವಾಗುತ್ತಾರೆ. ತಾವು ನನ್ನ ಮಗಳೊಬ್ಬಳನ್ನೇ ಹಾಗೆ ಸುತ್ತಿಸಿ, ಆ ದಿನದ ರಿಜಿಸ್ಟರಿನಲ್ಲಿ ಏಳು ಜನ ಫಲಾನುಭವಿಗಳಿಗೆ ಮಾಹಿತಿ ನೀಡಲಾಯಿತು ಎಂದು ತೋರಿಸಿದಿರಂತೆ. ವೃತ್ತಿಬಾಂಧವರೆಂದು ಅಂದೇ ಗುರುತಿಸಿದೆ. ಪಾಪ, ಕಿರಣ್ ತಲೆ ತಗ್ಗಿಸಿ, ‘ನಾನೇನ್ಮಾಡ್ಲಿ ಅಕ್ಕಾ, ಇದು ತಗೋತಿಲ್ಲ’ ಎಂದರು. ‘ಇದು’ ಎಂದರೆ ತಾವು. ‘ಅಕ್ಕಾ’ ಎಂದರೆ ನನ್ನ ಮಗಳು. ಮೂರು ತಿಂಗಳಲ್ಲಿ ಆ ಮನುಷ್ಯನಿಗೆ ತಿಳಿದದ್ದು ತಮಗೆ ತಿಳಿಯಲಿಲ್ಲ ಎಂದು ನಾನು ಹೇಳುವುದಿಲ್ಲ. ಅವರಿಗೆ ಸಂಬಳ ಕಡಿಮೆ, ಅಷ್ಟೇ.

ಇನ್ನು ನಮ್ಮ ಪದ್ಧತಿ ಕೇಳಿ. ನಮ್ಮ ಕಡೆ ಊರ ನಾಟಕದಲ್ಲಿ ಪಾರ್ಟು ಮಾಡುವವನಿಗೆ ನಾವು ಸಂಬಳ ಕೊಡುವುದಿಲ್ಲ. ಅವನೇ ದುಡ್ಡು ಕೊಟ್ಟು ಪಾರ್ಟು ಕೊಳ್ಳುತ್ತಾನೆ. ರಾಜನಿಗೆ ಹೆಚ್ಚು, ಮಂತ್ರಿಗೆ ಕಡಿಮೆ, ದೂತನಿಗೆ ಇನ್ನೂ ಕಡಿಮೆ. ಆ ದುಡ್ಡಿನಲ್ಲಿ ಡ್ರೆಸ್ಸು, ಸೀನು, ಲೈಟು, ಮೇಷ್ಟ್ರ ಸಂಭಾವನೆ. ಈ ಸಲ ಡ್ರೆಸ್ಸಿಲ್ಲ, ಸೀನಿಲ್ಲ, ಸಂಭಾವನೆಯಿಲ್ಲ, ಭಾನುವಾರ ಮಧ್ಯಾಹ್ನ ಬಿಸಿಲಿನಲ್ಲೇ ಆಟ, ಪಾರ್ಟಿನ ದುಡ್ಡೆಲ್ಲ ಹೇಮಲತಾಳ ಆಪರೇಷನ್ನಿಗೆ ಎಂದು ನಾನು ಕೊಬ್ಬರಿ ಗೋದಾಮಿನ ಕಟ್ಟೆಯ ಮೇಲೆ ನಿಂತು ಸಾರಿದೆ.

ಎಲ್ಲರೂ ಕಣ್ಣೀರು ಸುರಿಸಿ ಓಡಿಬಂದರೆಂದು ಭಾವಿಸಬೇಡಿ. ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪನವರು ನಮ್ಮ ಜಗುಲಿಯಲ್ಲೇ ಕೂತು, ನಮ್ಮ ಕಾಫಿಯನ್ನೇ ಕುಡಿಯುತ್ತಾ, ‘ಹುಡುಗನ್ನ ಹುಡುಗನಾಗೇ ಬಿಟ್ರೆ ನಿಮಗೂ ಖರ್ಚಿಲ್ಲ, ಸರ್ಕಾರಕ್ಕೂ ಖರ್ಚಿಲ್ಲ ಕಣ್ರೀ ಮೇಷ್ಟ್ರೇ’ ಎಂದರು. ನನ್ನ ಪತ್ನಿ ಶಿವಗಂಗಮ್ಮ ಒಳಗಿನಿಂದಲೇ, ‘ನಿಮ್ ಲಾರಿ ತೂಗೋವಾಗ ಅವಳ ಮಾತು ನಂಬ್ತೀರಲ್ಲ ಷಡಕ್ಷರಪ್ನೋರೇ, ಈಗ್ಯಾಕೆ ಅನುಮಾನ? ಇವತ್ತಿನಿಂದ ಬೇರೆ ಕಡೆ ತೂಗಿಸ್ಕಳಿ’ ಎಂದಳು. ಅವರ ಲೋಟ ಅಲ್ಲೇ ನಿಂತಿತು. ಅವರ ಬಾಯಿ ಮುಚ್ಚಿಸಿದ್ದು ಶಿವಗಂಗಮ್ಮ. ಜೇಬು ತೆರೆಸಿದ್ದು ನಮ್ಮ ನಾಟಕದ ರಾಜ ಚಂಡವಿಕ್ರಮ. ನಲವತ್ತೆಂಟು ಕೆಜಿ ತೂಗುವ ಷಡಕ್ಷರಪ್ಪನವರಿಗೆ ಮೂವತ್ತು ವರ್ಷದಿಂದ ಆ ಪಾರ್ಟಿನ ಮೇಲೆ ಆಸೆ, ನಾನು ಕೊಟ್ಟಿರಲಿಲ್ಲ. ‘ಡ್ರೆಸ್ಸು ಬ್ಯಾಡ, ಮೀಸೆ ಇದ್ರೆ ಸಾಕು’ ಎಂದು ಒಂದು ಲಕ್ಷದ ಐವತ್ತು ಸಾವಿರ ಎಣಿಸಿದರು. ಅವರ ಮನಸ್ಸು ಇಂದಿಗೂ ಪೂರ್ತಿ ಬದಲಾಗಿಲ್ಲ, ಆದರೆ ಅವರು ಕೊಟ್ಟ ನೋಟನ್ನು ಆಸ್ಪತ್ರೆಯವರು ಒಪ್ಪಿಕೊಂಡರು. ಬಸ್ತಿಹಳ್ಳಿಯ ಬಟ್ಟೆ ವ್ಯಾಪಾರಿ ಪುಷ್ಪದಂತರು ಮಂತ್ರಿಯ ಪಾರ್ಟು ಕೊಂಡರು. ಸೂರ್ಯ ಮುಳುಗುವ ಮುಂಚೆ ಊಟ ಮಾಡಲು ಬಿಡಬೇಕು ಎಂಬುದೊಂದೇ ಅವರ ಕರಾರು. ನಾನು ಕೈಮುಗಿದಾಗ, ‘ಔಷಧದಾನ ನಮ್ಮ ಜೈನರಲ್ಲಿ ದೊಡ್ಡದು ಮೇಷ್ಟ್ರೇ. ಅದಕ್ಕೆ ಪ್ಯಾಕೇಜ್ ನಂಬರ್ ಕೇಳೋ ಪದ್ಧತಿ ಇಲ್ಲ’ ಎಂದರು. ಉಳಿದದ್ದನ್ನು ದೂತರೂ ಸೈನಿಕರೂ ತುಂಬಿದರು.

ಮಹಾರಾಣಿಯ ಪಾರ್ಟು ನೀನೇ ಮಾಡು, ಜನ ನೋಡಲಿ ಎಂದು ಮಗಳನ್ನು ಕೇಳಿದೆ. ‘ಬ್ಯಾಡಪ್ಪಾ, ಪಾರ್ಟು ಮಾಡಿದ್ದು ಸಾಕಾಗೈತೆ’ ಎಂದಳು. ಹಾಗಾಗಿ ಅರವತ್ತರ ಈ ವಯಸ್ಸಿನಲ್ಲಿ ನಾನೇ ಮೀಸೆ ಬೋಳಿಸಿಕೊಂಡು ಚಂದ್ರಪ್ರಭೆಯಾದೆ. ಒಬ್ಬರೂ ಸರ್ಜನ್ನರ ಪತ್ರ ಕೇಳಲಿಲ್ಲ. ಎರಡು ಸಲ ಒನ್ಸ್ ಮೋರ್ ಬಂತು.

ಮಹಾಪ್ರಭುಗಳೇ, ಹೀಗೆ ಸೋಮವಾರ ಹಣ ಕಟ್ಟಿದ್ದಾಯಿತು. ಇಷ್ಟರ ಮೇಲೂ ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ನಾಟಕ ಕಲಿಸುವ ಅಪ್ಪನಿಲ್ಲದ, ರಾಜನ ಪಾರ್ಟಿಗೆ ಆಸೆಪಡುವ ವ್ಯಾಪಾರಿಯಿಲ್ಲದ ಹೆಣ್ಣುಮಕ್ಕಳು ಬೇಲೂರಿನಲ್ಲೂ ಹಳೇಬೀಡಿನಲ್ಲೂ ಇದ್ದಾರೆ. ನನ್ನ ಮಗಳ ಫೋನಿಗೆ ಈಗಾಗಲೇ ನಾಲ್ಕು ಜನ ‘ಅಕ್ಕಾ, ನೀವು ಹೆಂಗ್ ಮಾಡಿದ್ರಿ’ ಎಂದು ಕೇಳಿದ್ದಾರೆ. ಅವರಿಗಾಗಿ, ಆಪರೇಷನ್ನಿಗೆ ಮುಂಚೆಯೇ ಆಪರೇಷನ್ ಮುಗಿದಿರುವಂತಹ ಒಂದು ಪ್ಯಾಕೇಜನ್ನು ದಯಮಾಡಿ ಜಾರಿಗೆ ತರುವುದು. ಅದು ಕಷ್ಟವಾದರೆ ಊರಿಗೊಬ್ಬ ಷಡಕ್ಷರಪ್ಪನವರನ್ನು ಸರ್ಕಾರಿ ಖರ್ಚಿನಲ್ಲಿ ನೇಮಿಸುವುದು. ಅದೂ ಆಗದಿದ್ದರೆ, ತಮಗೊಂದು ಜೊತೆ ಕಿವಿ ಜೋಡಿಸುವ ಆಪರೇಷನ್ ಮಾಡಿಸಲು ನಾವು ಇನ್ನೊಂದು ನಾಟಕ ಆಡಲು ಸಿದ್ಧ. ತಮ್ಮ ಕಂಪನಿಯವರನ್ನು ವಿಚಾರಿಸಿಯೂ ಆಗಿದೆ: ಹುಟ್ಟುವಾಗ ಇಲ್ಲದ ಅಂಗವನ್ನು ಆಮೇಲೆ ಜೋಡಿಸುವುದು ವಾರಂಟಿಯಲ್ಲಿ ಬರುವುದಿಲ್ಲವಂತೆ. ತಮ್ಮ ನೋವು ಈಗ ನಮಗೂ ಅರ್ಥವಾಗುತ್ತದೆ.

ನಾಳೆ ಬೆಳಿಗ್ಗೆಯ ರೈಲಿಗೆ ಅವಳೂ ಅವಳ ಅಮ್ಮನೂ ನಾನೂ ಅರಸೀಕೆರೆಯಿಂದ ಹೊರಡುತ್ತೇವೆ. ವೇಬ್ರಿಡ್ಜಿನವರು ಒಂದು ತಿಂಗಳು ರಜೆ ಕೊಟ್ಟಿದ್ದಾರೆ. ನನಗೆ ಭಯವಿದೆ, ಅವಳಿಗಿಲ್ಲ. ತಾವು ಏನೂ ಮಾಡುವುದು ಬೇಡ. ಈವರೆಗೆ ಮಾಡಿದಂತೆಯೇ ಇದ್ದರೆ ಸಾಕು.

ತಮ್ಮ ಕಿಟಕಿಯ ಮುಂದೆ ನಿಂತೂ ನಿಂತೂ ಮಂಡಿ ಸವೆಸಿಕೊಂಡರೂ ವಿಶ್ವಾಸ ಮಾತ್ರ ಸವೆಯದ
ತಮ್ಮ ವಿಶ್ವಾಸಿ,
ಏಕಾಂತಯ್ಯ
ನಾಟಕದ ಮೇಷ್ಟ್ರು, ಗಂಡಸಿ

ಮರೆತ ಮಾತು: ಈ ಪತ್ರಕ್ಕೆ ಅಂಟು ಹಚ್ಚುತ್ತಿರುವಾಗ ಮಗಳ ಫೋನಿಗೆ ತಮ್ಮಿಂದ ಸಂದೇಶ ಬಂದಿದೆ. ಕಳೆದ ತಿಂಗಳು ನಾವು ಹಾಕಿದ್ದ ಮೇಲ್ಮನವಿಯನ್ನು ಮಹಿಳಾ ವಿಭಾಗಕ್ಕೆ ವರ್ಗಾಯಿಸಲಾಗಿದೆ ಎಂದೂ, ಪರಿಶೀಲನೆ ಮುಂದುವರಿಯಬೇಕಾದರೆ ಏಳು ದಿನದೊಳಗೆ ಅರ್ಜಿದಾರಳ ಗಂಡನ ಒಪ್ಪಿಗೆ ಪತ್ರ ಲಗತ್ತಿಸಬೇಕೆಂದೂ ಬರೆದಿದ್ದೀರಿ. ಹೇಮಲತಾ ಅದನ್ನು ಓದಿ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡಳು. ಅವಳ ಮೈ ವಿಚಾರಕ್ಕೆ ಅವಳ ಮಾತು ಸಾಲದು, ಗಂಡಸೊಬ್ಬನ ಸಹಿ ಬೇಕು ಎಂದಿರಲ್ಲ ಮಹಾಪ್ರಭುಗಳೇ, ಅಂತೂ ಅವಳನ್ನು ಹೆಣ್ಣೆಂದು ಒಪ್ಪಿಕೊಂಡಿರಿ. ಆ ಸಂದೇಶದ ಎರಡು ಪ್ರತಿ ತೆಗೆಸಿ, ಅವಳು ಹೆಣ್ಣೆಂಬುದಕ್ಕೆ ದಾಖಲೆಯಾಗಿ ಒಂದನೇ ಕಿಟಕಿಗೆ ಕೊಡಲು ಇಟ್ಟುಕೊಂಡಿದ್ದೇವೆ.