ಸಿಮೆಂಟಿನ ಮಾಳಿಗೆಗೆ ಕುರುಗೋಡಿನ ಮಣ್ಣು

ನನ್ನ ಮೊಮ್ಮಗಳು ನೀಲಾ ಕಾಲೇಜು ಸೇರಿದಳು! ಮೊದಲು ಇದನ್ನು ಹೇಳಿಬಿಡುತ್ತೇನೆ. ಆಮೇಲೆ ನನ್ನ ಮರ್ಯಾದೆ ಹೋದ ಕತೆ ಓದಿ ನೀವು ಎಷ್ಟು ನಕ್ಕರೂ ನನಗೆ ಬೇಜಾರಿಲ್ಲ.

ಮೂರನೇ ಕ್ಲಾಸಿಗೇ ಸ್ಲೇಟು ಒಡೆದುಕೊಂಡು ಶಾಲೆ ಬಿಟ್ಟವನು ನಾನು. ಅಂಥವನ ವಂಶದಲ್ಲಿ ಒಂದು ಹೆಣ್ಣುಮಗು ಬಿ.ಎ. ಓದಲು ಬಳ್ಳಾರಿಗೆ ಹೊರಟಿತ್ತು. ಅದೂ ಗಂಡನ ಜೊತೆಗೆ! ಅವಳ ಗಂಡ ವೀರೇಶ ಸಿರುಗುಪ್ಪದ ಹುಡುಗ. ಮದುವೆಯ ಅರಿಶಿನ ಮಾಸುವ ಮೊದಲೇ ತನ್ನ ಅಪ್ಪನ ಎದುರು ನಿಂತು, "ನಾನೂ ಓದ್ತೀನಿ, ಆಕೀನೂ ಓದ್ಲಿ" ಎಂದವನು. ಇಂಥ ಸಂಬಂಧ ಹುಡುಕಿದ್ದು ನಾನೇ ಎಂದು ಕುರುಗೋಡಿನ ಕಟ್ಟೆಕಟ್ಟೆಯ ಮೇಲೂ ಕೂತು ಹೇಳಿದೆ. ನಿಜವಾಗಿ ಹುಡುಕಿದ್ದು ನನ್ನ ಹೆಂಡತಿ ಬಸಮ್ಮ. ಆದರೆ ಅವಳು ಕಟ್ಟೆಗೆ ಬರುವುದಿಲ್ಲವಲ್ಲ!

ಬೀಗರು ಒಂದು ಕರಾರು ಹಾಕಿದ್ದರು. ಬಳ್ಳಾರಿಯಲ್ಲಿ ಮನೆ ಸಿಕ್ಕರೆ ಇಬ್ಬರೂ ಓದಲಿ. ಸಿಗದಿದ್ದರೆ ಮಗ ಹಾಸ್ಟೆಲಿಗೆ, ಸೊಸೆ ಸಿರುಗುಪ್ಪದ ಅಡಿಗೆಮನೆಗೆ. ಮನೆಯೋ, ಸುಲಭಕ್ಕೆ ಸಿಗಲಿಲ್ಲ. "ಓದೋ ಹುಡುಗರಿಗೆ ಕೊಡಲ್ಲ" ಎಂದರು ಕೆಲವರು. "ಗಂಡ ಹೆಂಡ್ತಿ ಇಬ್ರೂ ಕಾಲೇಜಿಗೆ ಹೋದ್ರ ಮನ್ಯಾಗ ಇರೋರ್ಯಾರು?" ಎಂದರು ಉಳಿದವರು. ಕೊನೆಗೆ ಸತ್ಯನಾರಾಯಣಪೇಟೆಯ ಸರೋಜಮ್ಮ ಎಂಬ ಪುಣ್ಯಾತ್ಗಿತ್ತಿ ತಮ್ಮ ಮನೆಯ ಹಿಂಭಾಗ ಕೊಟ್ಟರು. ಆ ಮನೆ ಇದ್ದರೆ ಕಾಲೇಜು, ಇಲ್ಲದಿದ್ದರೆ ಇಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮುಂದಿನದೆಲ್ಲ ಮಾಡಿದೆ.

ಬಿತ್ತನೆಯ ಕಾಲವಾದ್ದರಿಂದ ನನ್ನ ಮಗ ಹೊಲ ಬಿಟ್ಟು ಬರುವಂತಿರಲಿಲ್ಲ. ಸಾಮಾನು ಇಳಿಸಿಕೊಡುವ ಭಾರ ನನ್ನ ಮೇಲೆ ಬಿತ್ತು. ಟ್ರಂಕು, ಸೀಮೆಎಣ್ಣೆ ಸ್ಟೌವು, ರೊಟ್ಟಿಯ ಹೆಂಚು ಎಲ್ಲ ಇಳಿಸಿ, ಚಾಪೆಯ ಮೇಲೆ ಅಂಗಾತ ಮಲಗಿ ಮೇಲೆ ನೋಡಿದೆ. ಅಡಿಗೆಮನೆಯ ಚಾವಣಿಯಲ್ಲಿ ಎಮ್ಮೆಯ ಮುಖದಷ್ಟು ದೊಡ್ಡ ಕಂದು ಕಲೆ!

"ನೀಲಾ, ಮನಿ ಸೋರ್ತೈತಿ" ಎಂದೆ.

"ಇದು ಸಿಮೆಂಟಿಂದು ತಾತ. ಸೋರಂಗಿಲ್ಲ."

ಸಿಮೆಂಟಂತೆ! ಮೆಟ್ಟಿಲು ಹೊರಗಡೆಯೇ ಇತ್ತು. ಹತ್ತಿ ನೋಡಿದೆ. ಮಾಳಿಗೆಯ ಮೇಲೆ ಒಂದು ಬುಟ್ಟಿ ಮಣ್ಣಿಲ್ಲ. ಬಟ್ಟಬಯಲು! ಮೂಲೆಗಳಲ್ಲಿ ಕಬ್ಬಿಣದ ಸರಳುಗಳು ಆಕಾಶ ನೋಡುತ್ತ ನಿಂತಿದ್ದವು. ಮೇಸ್ತ್ರಿ ಅರ್ಧಕ್ಕೇ ಓಡಿಹೋಗಿದ್ದಾನೆ ಎಂದು ತೀರ್ಮಾನಿಸಿದೆ.

ನಮ್ಮ ಊರಿನ ಮನೆಗಳದು ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಚೌಳು ಮಣ್ಣು ತಂದು ಹರವಿ, ನೀರು ಚಿಮುಕಿಸಿ, ತುಳಿದು, ಬಡಿದು ಕೂರಿಸಿದರೆ ಒಂದು ಹನಿ ಒಳಗೆ ಇಳಿಯುವುದಿಲ್ಲ. ಓದಿನಲ್ಲಿ ನಾನು ಮೂರನೇ ಕ್ಲಾಸಿರಬಹುದು, ಈ ವಿದ್ಯೆಯಲ್ಲಿ ಎಂ.ಎ.! ಮೊಮ್ಮಗಳ ಪುಸ್ತಕದ ಮೇಲೆ ಮಳೆ ಸೋರುವುದನ್ನು ಎಂ.ಎ. ಆದವನು ನೋಡುತ್ತ ಕೂರಲು ಆಗುತ್ತದೆಯೇ?

ಮುಂದಿನ ವಾರ ನಮ್ಮ ಓಣಿಯವರ ಟ್ರ್ಯಾಕ್ಟರು ಗೊಬ್ಬರ ತರಲು ಬಳ್ಳಾರಿಗೆ ಹೊರಟಿತ್ತು. ಹೋಗುವಾಗ ಖಾಲಿ. ನಾನು ಅದನ್ನು ತುಂಬಿಸಿದೆ.

"ಯಜ್ಜಾ, ಬಳ್ಳಾರ್ಯಾಗ ಮಣ್ಣಿಲ್ಲೇನು?" ಎಂದ ಡ್ರೈವರ್.

"ಅಲ್ಲಿರೋದು ಧೂಳು. ಇದು ಮಣ್ಣು. ನೀ ನಡಿ."

ಬಸಮ್ಮ ಮಣ್ಣಿನ ರಾಶಿಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಳು. "ಮನಿ ಒಡತೀನ ಒಂದು ಮಾತು ಕೇಳೀರೇನು?" ಎಂದಳು.

"ಉಪಕಾರ ಮಾಡಾಕ ಯಾರ್ನ ಕೇಳ್ಬೇಕು?"

"ಹಂಗಂದು ಹೋದ ಸಲ ಮಠದ ಗೋಡಿ ಬೀಳಿಸಿದ್ರಿ."

ಆ ವಿಷಯ ಇಲ್ಲಿ ಬೇಡ.

ನಾವು ಮುಟ್ಟುವ ಹೊತ್ತಿಗೆ ಮಕ್ಕಳಿಬ್ಬರೂ ಕಾಲೇಜಿಗೆ ಹೋಗಿದ್ದರು. ಸರೋಜಮ್ಮ ಮಗಳ ಊರಿಗೆ ಹೋದವರು ಸಂಜೆ ಬರುತ್ತಾರೆಂದು ಪಕ್ಕದ ಮನೆಯವರು ಹೇಳಿದರು. ಎಂಥ ಅನುಕೂಲ! ಯಾರೂ ಅಡ್ಡ ಬರುವವರಿಲ್ಲ. ಬಸಮ್ಮ ಕೆಳಗಿನಿಂದ ಬುಟ್ಟಿ ತುಂಬಿ ಕೊಟ್ಟಳು, ನಾನು ಹೊತ್ತು ಸುರಿದೆ. ಹರವಿದೆವು, ತುಳಿದೆವು, ಬಡಿದೆವು. ಬೀದಿಯವರು ನಿಂತು ನೋಡಿದರು. ಅವರ ಕಣ್ಣಲ್ಲಿ ಕಂಡದ್ದು ಮೆಚ್ಚುಗೆ ಎಂದು ನಾನು ತಿಳಿದೆ.

ಮಾಳಿಗೆಯ ಒಂದು ಮೂಲೆಯಲ್ಲಿ, ಗೋಡೆಯ ಬುಡಕ್ಕೆ, ಮುಷ್ಟಿಗಾತ್ರದ ತೂತೊಂದು ಸಿಕ್ಕಿತು.

"ಇಲಿ ಬಿಲ" ಎಂದೆ.

"ಸಿಮೆಂಟಿನಾಗ ಇಲಿ ಹೆಂಗ ಬಿಲ ತೋಡ್ತೈತ್ರಿ?" ಎಂದಳು ಬಸಮ್ಮ.

"ಬಳ್ಳಾರಿ ಇಲಿ!" ಎಂದು ಹಳೇ ಬಟ್ಟೆ ತುರುಕಿ, ಮೇಲೆ ಮಣ್ಣು ಮೆತ್ತಿ, ಕೊರಡಿನಿಂದ ಬಡಿದು ಭದ್ರ ಮಾಡಿದೆ.

ಅದು ಮಳೆನೀರು ಹೋಗುವ ಕೊಳವೆಯ ಬಾಯಿ. ಇದು ನನಗೆ ಸಂಜೆ ಗೊತ್ತಾಯಿತು. ಸತ್ಯನಾರಾಯಣಪೇಟೆಗೆಲ್ಲ ಗೊತ್ತಾಯಿತು.

ಬಳ್ಳಾರಿಯಲ್ಲಿ ಮಳೆ ಕೈಮುಗಿದು ಕರೆದರೂ ಬರುವುದಿಲ್ಲ. ಅವತ್ತು ಕರೆಯದೇ ಬಂತು. ಕೋಟೆಗುಡ್ಡದ ಕಡೆಯಿಂದ ಕಪ್ಪು ಮೋಡ ಎದ್ದು ಹೊಡೆದದ್ದೇ ಹೊಡೆದದ್ದು. ನಾನು ವರಾಂಡದಲ್ಲಿ ನಿಂತು ಮೀಸೆ ತಿರುವಿದೆ. ಪಕ್ಕದ ಮನೆಯಲ್ಲಿ ಮಕ್ಕಳು ಕೊಟ್ಟುಹೋಗಿದ್ದ ಕೀಲಿ ಇಸಿದುಕೊಂಡು ಒಳಗೆ ಹೋಗಿ, ಟ್ರಂಕಿನ ಮೇಲೆ ಹತ್ತಿ ಚಾವಣಿ ಸವರಿ ನೋಡಿದೆ. ಒಣಗಿದ ರೊಟ್ಟಿಯ ಹಾಗಿತ್ತು!

"ನೋಡಿದ್ಯಾ? ಒಂದು ಹನಿ ಇಳಿದೈತೇನು?"

"ಮತ್ತ ಅಷ್ಟೂ ನೀರು ಎಲ್ಲಿ ಹೋತು?" ಎಂದಳು ಬಸಮ್ಮ.

ಒಳ್ಳೆಯ ಪ್ರಶ್ನೆ. ಮಾಳಿಗೆಯ ಸುತ್ತ ಮೋಟುಗೋಡೆ, ಕೊಳವೆಗೆ ನಾನು ಜಡಿದ ಬಟ್ಟೆ. ಮೇಲೆ ಕೆರೆ ತುಂಬಿತ್ತು. ಆ ಕೆರೆಗೆ ಉಳಿದಿದ್ದ ದಾರಿ ಒಂದೇ, ಮೆಟ್ಟಿಲು. ಆ ಮೆಟ್ಟಿಲು ಇಳಿಯುವುದು ನೇರವಾಗಿ ಸರೋಜಮ್ಮನ ಮುಂಬಾಗಿಲಿಗೆ. ಮಳೆ ಒಂದಿಷ್ಟು ತಗ್ಗಿದಾಗ ಜಟಕಾ ಬಂದು ನಿಂತಿತು. ಹೊಸ ರೇಷ್ಮೆ ಸೀರೆಯಲ್ಲಿ ಸರೋಜಮ್ಮ ಇಳಿದರು. ಅದೇ ಗಳಿಗೆಗೆ ಮೇಲಿನ ಮಣ್ಣು ಸಡಿಲಾಗಿ ಅಂಬಲಿಯಂತೆ ಮೆಟ್ಟಿಲಿಳಿದು, ಹೊಸ್ತಿಲು ದಾಟಿ, ಬಾಗಿಲ ಸಂದಿಯಿಂದ ಒಳಗೆ ನಡೆಯಿತು. ನನ್ನ ಮಾತು ಸುಳ್ಳಾಗಲಿಲ್ಲ. ಚಾವಣಿಯಿಂದ ಒಂದು ಹನಿಯೂ ಬರಲಿಲ್ಲ. ಎಲ್ಲವೂ ಮರ್ಯಾದಸ್ಥರ ಹಾಗೆ ಬಾಗಿಲಿನಿಂದಲೇ ಬಂತು!

"ಅಯ್ಯೋ ದೇವುಡಾ! ಯಾರ್ರೀ ನೀವು? ಏನಿದು?"

"ಮನಿ ಸೋರ್ತಿತ್ತಲ್ರೀ ತಾಯೀ... ಅಡಿಗಿಮನ್ಯಾಗ ಕಲೆ..."

"ಅದು ಸೋರಿದ ಕಲೆ ಅಲ್ರೀ! ಹಿಂದಿನೋರ ಕುಕ್ಕರ್ ಸಿಡಿದು ಬ್ಯಾಳಿ ಬಡಿದ ಕಲೆ!"

ಮಳೆಯಲ್ಲಿ ನೆಂದು ನೀಲಾ, ವೀರೇಶ ಬಂದು ನಿಂತಿದ್ದರು. ಸರೋಜಮ್ಮ ಅವರತ್ತ ತಿರುಗಿ, "ನಾಳೆ ಮನಿ ಖಾಲಿ ಮಾಡ್ರಿ" ಎಂದರು.

ನನ್ನ ಜಂಬವೆಲ್ಲ ಅಲ್ಲೇ ಇಳಿಯಿತು. ನೀಲಾ ಅಳಲಿಲ್ಲ, ಬೈಯಲೂ ಇಲ್ಲ. ಪುಸ್ತಕಗಳನ್ನು ಗಂಡನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ಕೆಸರು ಬಳಿಯಲು ಕೂತಳು. ನಾಳೆ ಸಿರುಗುಪ್ಪದ ಬಸ್ಸು ಹತ್ತಬೇಕಾದವಳು ಇವತ್ತು ನನ್ನ ಮಣ್ಣು ಬಳಿಯುತ್ತಿದ್ದಳು. ನಾನು ಕೈಮುಗಿದೆ.

"ತಾಯೀ, ನಮ್ಮ ಮನೆತನದಾಗ ಕಾಲೇಜು ಮೆಟ್ಟಿಲು ಹತ್ತಿದಾಕಿ ಈಕೀನ ಮೊದಲು."

"ಆಕಿ ಕಾಲೇಜು ಮೆಟ್ಟಿಲು ಹತ್ಲಿ! ನೀವ್ಯಾಕ ನನ್ನ ಮೆಟ್ಟಿಲು ಹತ್ತಿದ್ರಿ?"

ನಾನು ತಲೆಯ ರುಮಾಲು ಬಿಚ್ಚಿ ಅವರ ಹೊಸ್ತಿಲು ಒರೆಸಲು ಕೂತೆ.

ಬಸಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. "ಅಕ್ಕಾರ, ಹುಡುಗ್ರು ಏನು ಮಾಡ್ಯಾವು? ಅವನ್ನ ಇಟ್ಕೋರಿ. ಮಣ್ಣೂ ಈತನ್ನೂ ನಾ ಒಯ್ತೀನಿ."

ಸರೋಜಮ್ಮ ನೀಲಾಳನ್ನು ನೋಡಿದರು. ನನ್ನನ್ನು ನೋಡಿದರು. "ಈ ಯಜಮಾನ್ರು ಮತ್ತ ಬರಂಗಿಲ್ಲ?"

"ಬರಂಗಿಲ್ಲ."

"ಹಬ್ಬಕ್ಕೂ?"

"ಯಾವ ಹಬ್ಬಕ್ಕೂ!"

"ಹಂಗಾದ್ರ ಇರ್ಲಿ" ಎಂದರು. ಕರಾರು ಮುಗಿಯಿತು. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮಣ್ಣು ತೆಗೆಯುವುದು ಹಾಕಿದಷ್ಟು ಸುಲಭವಿರಲಿಲ್ಲ. ಮೇಲಿನದು ಕೊಚ್ಚಿಹೋಗಿತ್ತು, ತಳದ್ದನ್ನು ನಾನು ಎಷ್ಟು ಚೆನ್ನಾಗಿ ಬಡಿದಿದ್ದೆನೆಂದರೆ ಸಲಿಕೆ ಇಳಿಯುತ್ತಿರಲಿಲ್ಲ. ಕೊರೆಯುತ್ತ ಕೊರೆಯುತ್ತ ನನ್ನ ಕೆಲಸದ ಗಟ್ಟಿತನಕ್ಕೆ ನಾನೇ ಹೆಮ್ಮೆಪಟ್ಟೆ. ಬಸಮ್ಮನ ಮುಖ ನೋಡಿ ಹೇಳಿಕೊಳ್ಳಲಿಲ್ಲ.

ಹೀಗೆ ಮೊಮ್ಮಗಳು ಸತ್ಯನಾರಾಯಣಪೇಟೆಯಲ್ಲಿ ಉಳಿದಳು, ನಾನು ಗಡೀಪಾರಾದೆ. ಅವಳನ್ನು ನೋಡಬೇಕೆನಿಸಿದರೆ ಬಳ್ಳಾರಿಯ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಗಂಡ ಹೆಂಡತಿ ಅಲ್ಲಿಗೇ ಬರುತ್ತಿದ್ದರು. ಬೆಂಚಿನ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದು ಸುಖದುಃಖ ಮಾತಾಡುತ್ತಿದ್ದೆವು. ಮೊದಲ ವರ್ಷದ ಪರೀಕ್ಷೆಯ ಸುದ್ದಿ ಸಿಕ್ಕಿದ್ದೂ ಅಲ್ಲೇ.

"ತಾತಾ, ಫಸ್ಟ್ ಕ್ಲಾಸು!" ಎಂದಳು ನೀಲಾ.

"ಮತ್ತ ವೀರೇಶಂದು?"

"ಪಾಸು" ಎಂದ ವೀರೇಶ, ತನ್ನ ಚಪ್ಪಲಿ ನೋಡುತ್ತ.

ನಾನು ಎದ್ದು ನಿಂತು, ಗೊತ್ತಿಲ್ಲದವರಿಗೆಲ್ಲ ಕೂಗಿ ಹೇಳಿದೆ. ಸೋಡಾ ಮಾರುವವನಿಗೆ ಹೇಳಿದೆ, ಕಂಡಕ್ಟರನಿಗೆ ಹೇಳಿದೆ, ನಿದ್ದೆ ಮಾಡುತ್ತಿದ್ದವನನ್ನು ಎಬ್ಬಿಸಿ ಹೇಳಿದೆ. ಕಣ್ಣಲ್ಲಿ ನೀರು ಬಂತು. ಆಮೇಲೆ ನೋಡಿದರೆ ತಲೆಯ ರುಮಾಲಿನ ಮೇಲೂ ನೀರು! ಹೊರಗೆ ಮಳೆ ಹನಿಯುತ್ತಿತ್ತು, ಬಸ್ ಸ್ಟ್ಯಾಂಡಿನ ಚಾವಣಿ ಸೋರುತ್ತಿತ್ತು.

ನಾನು ಮೆಲ್ಲಗೆ ತಲೆ ಎತ್ತಿದೆ. ಅಷ್ಟೇ! "ತಾತಾ, ಮ್ಯಾಲೆ ನೋಡಬ್ಯಾಡ!" ಎಂದು ಕಿರುಚಿ ಮೊಮ್ಮಗಳು ಒಂದು ರಟ್ಟೆ ಹಿಡಿದಳು, ವೀರೇಶ ಇನ್ನೊಂದು ಹಿಡಿದ. ಇಬ್ಬರು ಕಾಲೇಜು ಓದಿದವರು ಸೇರಿ ನನ್ನನ್ನು ಎತ್ತಿ ಕುರುಗೋಡಿನ ಬಸ್ಸಿಗೆ ಹಾಕಿದರು. ಹೊರಡಲು ಇನ್ನೂ ಬಹಳ ಹೊತ್ತಿತ್ತು. ಬಸ್ಸಿನಲ್ಲಿ ಡ್ರೈವರೂ ಇರಲಿಲ್ಲ!